ಸೋಮ್‌ಚಾಯ್ ಅವರಿಗೆ ನಿದ್ದೆ ಬಂತೇ?

ನಮ್ಮ ಕಡೆ ಮನೆಗೆ ಬಂದವರಿಗೆ ಊಟ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅವರನ್ನು ಮಾತಾಡಿಸುವುದು. ರೊಟ್ಟಿ ಒಂದಿಷ್ಟು ಒಣಗಿದ್ದರೂ ಬೀಗರು ಕ್ಷಮಿಸುತ್ತಾರೆ. ಆದರೆ "ಹೋಗಿದ್ವಿ, ಯಾರೂ ಮಾತಾಡಸಲಿಲ್ಲ" ಎಂದು ಒಮ್ಮೆ ಅನ್ನಿಸಿಕೊಂಡ ಮನೆಗೆ ಆಮೇಲೆ ಹೆಣ್ಣು ಸಿಗುವುದೇ ಕಷ್ಟ. ನಾನು ಈ ಪದ್ಧತಿಯಲ್ಲೇ ಬೆಳೆದವನು. ಬಸ್ಸಿನಲ್ಲಿ ಬಾಜೂ ಕೂತವರ ಊರು, ಮನೆತನ, ಹೊಲಕ್ಕೆ ನೀರಾವರಿ ಇದೆಯೋ ಇಲ್ಲವೋ, ಇಷ್ಟೂ ತಿಳಿಯದೆ ಇಳಿಯಬೇಕಾಗಿ ಬಂದರೆ ಟಿಕೆಟಿನ ದುಡ್ಡು ದಂಡವಾಯಿತೆನಿಸುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಮಲಗಿದ್ದಾಗಲೂ ಅವರ ಊರು ಯಾವುದೆಂದು ಕೇಳಿದವನು ನಾನು. ಅವರು "ಸುಮ್ಮಿರ್ರಿ" ಎಂದರು. ಅದನ್ನೇ ಉತ್ತರವೆಂದು ತಿಳಿದು ಅಂಥ ಹೆಸರಿನ ಊರು ಯಾವ ತಾಲೂಕಿನಲ್ಲಿದೆ ಎಂದು ಬಹಳ ಹೊತ್ತು ಯೋಚಿಸಿದೆ. ಇಂಥ ನನ್ನ ಕೈಗೆ ದೇವರು ಒಬ್ಬ ಮಾತು ಬಾರದ ಅತಿಥಿಯನ್ನು ಕೊಟ್ಟ. ಮಾತು ಬಾರದವರಲ್ಲ ಅವರು. ಅವರಿಗೆ ಬರುವ ಮಾತು ನನಗೆ ಬರುತ್ತಿರಲಿಲ್ಲ, ಅಷ್ಟೆ.

ನನ್ನ ಮನೆ ಗೋಕಾಕದಲ್ಲಿ. ಕೆಲಸ ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಸ್ಟೋರಿನಲ್ಲಿ. ನಟ್ಟು, ಬೋಲ್ಟು, ಬೇರಿಂಗು, ಬೆಲ್ಟು ಇವನ್ನೆಲ್ಲ ಕಾಯುವುದು, ಕೇಳಿದವರಿಗೆ ಆದಷ್ಟು ತಡವಾಗಿ ಕೊಡುವುದು ನನ್ನ ಕರ್ತವ್ಯ. ಹೋದ ಹಂಗಾಮಿನಲ್ಲಿ ನಮ್ಮ ಕಾರ್ಖಾನೆಯವರು ಥಾಯ್ಲೆಂಡಿನಿಂದ ಕಬ್ಬು ಕಡಿಯುವ ದೊಡ್ಡ ಯಂತ್ರವೊಂದನ್ನು ತರಿಸಿದರು. ಅದನ್ನು ನಡೆಸಿ ತೋರಿಸಿ, ನಮ್ಮವರಿಗೆ ಕಲಿಸಿ, ಹಂಗಾಮು ಮುಗಿಯುವತನಕ ಇದ್ದು ಹೋಗಲು ಅಲ್ಲಿಯ ಕಂಪನಿಯವರು ಒಬ್ಬ ಮನುಷ್ಯನನ್ನೂ ಕಳಿಸಿದರು. ಅವರೇ ಸೋಮ್‌ಚಾಯ್. ಐವತ್ತು ದಾಟಿದ, ಸಣ್ಣ ಮೈಕಟ್ಟಿನ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ ಹಾಕುವ ಶಾಂತ ಮನುಷ್ಯ. ಕಾರ್ಖಾನೆಯ ಜನ ಎರಡೇ ದಿನದಲ್ಲಿ ಅವರನ್ನು "ಸೋಮಣ್ಣ" ಮಾಡಿಕೊಂಡರು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, "ಕಬ್ಬೂರವರ, ನಿಮಗ ಮರಾಠಿ ಬರ್ತೈತಿ, ಹಿಂದಿ ಬರ್ತೈತಿ, ಲಾರಿ ಡ್ರೈವರ್‌ಗೋಳ ಜೋಡಿ ತೆಲುಗೂ ಮಾತಾಡ್ತೀರಿ. ಇವರನ್ನ ಒಂದೀಟ ನೀವ ನೋಡ್ಕೋರಿ. ಪರದೇಶದಿಂದ ಬಂದಾರ, ಬ್ಯಾಸರ ಆಗಬಾರ್ದು" ಎಂದರು.

"ಅದೇನ ದೊಡ್ಡ ಮಾತ್ರಿ ಸಾಹೇಬ್ರ" ಎಂದೆ.

ಅದು ದೊಡ್ಡ ಮಾತೇ ಎಂದು ಮೊದಲನೆಯ ಚಹಾ ಕುಡಿಯುವಾಗಲೇ ಗೊತ್ತಾಯಿತು. ಅವರಿಗೆ ಬರುವ ಇಂಗ್ಲಿಷು "ಓಕೆ", "ನೋ ಪ್ರಾಬ್ಲಂ", "ಆಯಿಲ್". ನನ್ನದು ಅದಕ್ಕಿಂತ ದೊಡ್ಡದು, ಆದರೆ ಅವರಿಗೆ ತಿಳಿಯದ ಮೇಲೆ ದೊಡ್ಡದಿದ್ದು ಏನು ಉಪಯೋಗ? ಇಬ್ಬರೂ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಚಹಾ ಕುಡಿದೆವು. ಮತ್ತೆ ನಕ್ಕೆವು. ಬಿಸ್ಕೀಟು ಮುರಿಯುವ ಸಪ್ಪಳ ಸಹ ಕೇಳುತ್ತಿತ್ತು. ಫೋನಿನಲ್ಲಿ ಭಾಷಾಂತರ ಮಾಡುವ ಆ್ಯಪು ಇದೆಯೆಂದು ಯಾರೋ ಹೇಳಿದರು. "ಏನರ ಬೇಕಾದ್ರ ಸಂಕೋಚ ಮಾಡಬ್ಯಾಡ್ರಿ" ಎಂದು ಅದರ ಮುಂದೆ ಹೇಳಿದೆ. ಫೋನಿನೊಳಗಿನ ಹೆಂಗಸು ಥಾಯಿಯಲ್ಲಿ ಏನು ಹೇಳಿದಳೋ, ಸೋಮ್‌ಚಾಯ್ ಥಟ್ಟನೆ ಎದ್ದು ನಿಂತು ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಅದೂ ಅಲ್ಲದೆ ಕಬ್ಬಿನ ಹೊಲದ ನಡುವೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಆ ಮನುಷ್ಯ ದಿನವಿಡೀ ಹೊಲದಲ್ಲೇ ಇರುವವರು. ಹೀಗಾಗಿ ನಾನೇ ಥಾಯಿ ಕಲಿಯಬೇಕೆಂದು ತೀರ್ಮಾನಿಸಿದೆ.

ಕಲಿಯಬೇಕಾದರೆ ಕೇಳಬೇಕು, ಕೇಳಬೇಕಾದರೆ ಪಾಠ ಬೇಕು. ಅಂದು ಸಂಜೆ ಮನೆಯಲ್ಲಿ ಫೋನು ಹಿಡಿದು ಹುಡುಕಲು ಕೂತೆ. ಸಿಕ್ಕಿದ ಮೊದಲ ಪಾಠ ಪ್ರವಾಸಿಗರಿಗಾಗಿ ಮಾಡಿದ್ದು. ಅದರಲ್ಲಿ ಒಬ್ಬಾಕೆ ತಣ್ಣನೆಯ ಬಿಯರು ಎಲ್ಲಿ ಸಿಗುತ್ತದೆ, ಮಸಾಜು ಎಲ್ಲಿ ಮಾಡುತ್ತಾರೆ ಎಂದು ಇನಿದನಿಯಲ್ಲಿ ಕಲಿಸುತ್ತಿದ್ದಳು. ನನ್ನ ಹೆಂಡತಿ ಶಾಂತಾ ಒಳಗೆ ರೊಟ್ಟಿ ಬಡಿಯುತ್ತಿದ್ದವಳು, "ಏನಂತಾಳ್ರಿ ಆಕಿ?" ಎಂದು ಕೇಳಿದಳು. ನಾನು ಕಪಟವಿಲ್ಲದೆ ಅರ್ಥ ಹೇಳಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.

"ಕಬ್ಬ ಕಡ್ಯಾಕ ಇದೆಲ್ಲಾ ಯಾಕ ಬೇಕ್ರಿ?"

ನಾನು ಕೂಡಲೇ ಬೇರೆ ಪಾಠಕ್ಕೆ ಹಾರಿದೆ. ಒಂದರಲ್ಲಿ ಮಾತಿಗಿಂತ ಸಂಗೀತವೇ ಜಾಸ್ತಿ. ಇನ್ನೊಂದರಲ್ಲಿ ಒಂದೇ ಶಬ್ದವನ್ನು ಐದು ರಾಗದಲ್ಲಿ ಹೇಳಿ, ಐದಕ್ಕೂ ಬೇರೆ ಬೇರೆ ಅರ್ಥವೆಂದು ಹೆದರಿಸಿದರು. ಕಡೆಗೆ ಒಂದು ಒಳ್ಳೆಯ ಸಂಗ್ರಹ ಸಿಕ್ಕಿತು. ದಿನಬಳಕೆಯ ಒಂದೊಂದು ವಾಕ್ಯಕ್ಕೂ ಒಂದೊಂದು ಪುಟ್ಟ ಧ್ವನಿಮುದ್ರಿಕೆ, ಹೇಳುವಾಕೆಯ ಮಾತು ತಿಳಿನೀರಿನಂತೆ ಸ್ಪಷ್ಟ. ಆದರೆ ಅದರ ಅರ್ಥ ಹೇಳುವ ಇಂಗ್ಲಿಷಿನ ಗೃಹಸ್ಥ ರೈಲು ತಪ್ಪಿಹೋಗುವವನ ಹಾಗೆ ಮಾತಾಡುತ್ತಿದ್ದ. ಅವನನ್ನು ತೆಗೆದುಹಾಕಿ ಆ ಜಾಗದಲ್ಲಿ ನನ್ನದೇ ದನಿಯಲ್ಲಿ ಕನ್ನಡದ ಅರ್ಥ ಕೂಡಿಸಬೇಕೆಂದು ಯೋಜನೆ ಹಾಕಿದೆ. ಮೊದಲು ನನ್ನ ಕನ್ನಡ, ಅದರ ಬೆನ್ನಿಗೆ ಆಕೆಯ ಥಾಯಿ. ಕೇಳಲು ಫೋನು ಉಪಯೋಗವಿಲ್ಲ. ಸ್ಟೋರಿನವನ ಫೋನು ಹಂಗಾಮಿನಲ್ಲಿ ಎರಡು ನಿಮಿಷ ಸುಮ್ಮನಿರುವುದಿಲ್ಲ. ಮಗಳು ಕಾಲೇಜಿಗೆ ಹೋಗುವಾಗ ಹಾಡು ಕೇಳುತ್ತಿದ್ದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪ್ಲೇಯರು ಕಪಾಟಿನಲ್ಲಿತ್ತು. ಧೂಳು ಒರೆಸಿ ಚಾರ್ಜಿಗೆ ಹಾಕಿದೆ. ಬದುಕಿತ್ತು.

ಮುದ್ರಿಸಿಕೊಳ್ಳಲು ಗೋಕಾಕದ ಮನೆ ಆಗಲಿಲ್ಲ. ನಮ್ಮದು ರಸ್ತೆಯ ಪಕ್ಕದ ಮನೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಜಗತ್ತಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುತ್ತಿರುತ್ತವೆ. ಹಾಗಾಗಿ ಭಾನುವಾರ ಶಾಂತಾಳನ್ನು ಕರೆದುಕೊಂಡು ಹುಕ್ಕೇರಿಗೆ, ಮಾವನ ಮನೆಗೆ ಹೋದೆ. ಅಲ್ಲಿ ಹಾಸಿಗೆ ಒಟ್ಟುವ ಕೋಣೆ ಒಂದಿದೆ. ಗಾದಿಗಳ ನಡುವೆ ಕೂತರೆ ಹೊರಗಿನ ಸಪ್ಪಳ ಬರುವುದಿಲ್ಲ. ಬಾಗಿಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ವಾರ್ತೆ ಓದುವವರ ಶೈಲಿಯಲ್ಲಿ ಒಂದೊಂದೇ ಅರ್ಥ ಹೇಳುತ್ತ ಹೋದೆ. ಆರು ವಾಕ್ಯ ಸುಖವಾಗಿ ಆದವು. ಏಳನೆಯದು, "ನೀವು ಯಾವಾಗ ಊರಿಗೆ ಹೋಗುತ್ತೀರಿ?" ಹೊರಗಿನ ಸಪ್ಪಳ ಒಳಗೆ ಬರದಿದ್ದರೂ ಒಳಗಿನದು ಹೊರಗೆ ಹೋಗುತ್ತಿತ್ತೆಂದು ಕಾಣುತ್ತದೆ. ನಾನು ಹಾಗೆನ್ನುತ್ತಲೇ ಬಾಗಿಲಾಚೆ ಅತ್ತೆಯವರ ದನಿ: "ಶಾಂತಾ, ಅಳಿಯಾ ದೇವ್ರು ಒಳಗ ಯಾರನ್ನೋ ಊರಿಗಿ ಹೋಗ ಅನ್ನಾಕತ್ತಾರ ನೋಡ! ಯಾರದಾರ ಒಳಗ?"

ಅದೂ ಮುದ್ರಣವಾಯಿತು. ಇನ್ನೊಮ್ಮೆ ಹೇಳಿದರಾಯಿತೆಂದು ಅದನ್ನು ಅಳಿಸಿದೆ. ಅಷ್ಟರಲ್ಲಿ ಅತ್ತೆಯವರು ಸಮಾಧಾನಕ್ಕೆಂದು ಹೋಳಿಗೆ ತುಪ್ಪ ತಂದಿಟ್ಟರು. ಹೋಳಿಗೆ ತಿಂದು ಕೂತವನು ಎಂಟನೆಯದರಿಂದ ಮುಂದುವರಿಸಿದೆ.

ಮರುದಿನ ನನ್ನ ಕನ್ನಡದ್ದು, ಆಕೆಯ ಥಾಯಿಯದು, ಎರಡೂ ಕಟ್ಟುಗಳನ್ನು ಮೂಡಲಗಿಯ ದಸ್ತಗೀರನ ಅಂಗಡಿಗೆ ಒಯ್ದೆ. ಮೊಬೈಲು ರಿಪೇರಿ ಮಾಡುವ, ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುವ ಅಂಗಡಿ ಅದು. ಕಂಪ್ಯೂಟರಿನ ಮುಂದೆ ಕೂತು ಅವನು, "ನಿಮ್ಮ ಮೊದಲನೇದಕ್ಕ ಆಕಿ ಮೊದಲನೇದು, ಎರಡನೇದಕ್ಕ ಎರಡನೇದು, ಹಿಂಗ ಜೋಡಿಸ್ಕೋತ ಹೋಗ್ಲಿರಿ?" ಎಂದು ಕೇಳಿದ. ಹೂಂ ಎಂದೆ. ಜೋಡಿಸಿ ಮುಗಿಸಿ ತಲೆ ಕೆರೆದುಕೊಂಡ.

"ಸರ, ಥಾಯಿ ಒಂದು ಉಳೀತಲ್ರಿ."

"ಉಳೀಲಿ ಬಿಡಪಾ" ಎಂದೆ ನಾನು. "ನಟ್ ಬೋಲ್ಟಿನ ಪ್ಯಾಕೀಟಿನಾಗ ಒಂದು ಹೆಚ್ಚಿಗಿ ಹಾಕಿರ್ತಾರಲ್ಲ, ಹಂಗ ಇದೂ."

ಅಂದಿನಿಂದ ಕಾರ್ಖಾನೆಯ ಬಸ್ಸಿನಲ್ಲಿ ನನ್ನ ವಿದ್ಯಾಭ್ಯಾಸ ಶುರುವಾಯಿತು. ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದ ನನ್ನನ್ನು ನೋಡಿ ಜಪ ಹಿಡಿದಿದ್ದೇನೆಂದು ತಿಳಿದ ಕೆಲವರು ಕಿಟಕಿ ಪಕ್ಕದ ಸೀಟು ಬಿಟ್ಟುಕೊಡತೊಡಗಿದರು. ಮೊದಲ ಆರು ವಾಕ್ಯ ಕಲಿತ ದಿನ ಹೊಲಕ್ಕೇ ಹೋಗಿ, ಕೈಮುಗಿದು, "ಸವಾದ್ದೀ ಖ್ರಾಪ್" ಎಂದೆ. ನಮಸ್ಕಾರ ಎಂದು ಅದರ ಅರ್ಥ. ಯಂತ್ರದ ಮೇಲಿದ್ದ ಸೋಮ್‌ಚಾಯ್ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಕೆಳಗಿಳಿದು ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ನನ್ನ ಹೆಸರು ಹೇಳಿದೆ, ಚಹಾ ಬೇಕೇ ಎಂದು ಕೇಳಿದೆ, ಧನ್ಯವಾದ ಹೇಳಿದೆ. ಎಲ್ಲವೂ ಅವರಿಗೆ ತಿಳಿಯಿತು! ಪಾಠ ಪಕ್ಕಾ ಇದೆ ಎಂದು ನನಗೆ ಖಾತ್ರಿಯಾಯಿತು.

ಮರುದಿನದಿಂದ ಮುಂದಿನ ವಾಕ್ಯಗಳು. ಬೆಳಿಗ್ಗೆ ಗೆಸ್ಟ್ ಹೌಸಿಗೆ ಹೋಗಿ ಅತಿಥಿಗೆ ಮೊದಲು ಕೇಳಬೇಕಾದ್ದನ್ನು ಕೇಳಿದೆ: "ಜಾ ಕ್ಲಾಪ್ ಬಾನ್ ಮುವಾ ರಾಯ್?" ಪ್ಲೇಯರಿನ ಪ್ರಕಾರ ಅದು "ರಾತ್ರಿ ಚೆನ್ನಾಗಿ ನಿದ್ದೆ ಬಂತೇ?" ಸೋಮ್‌ಚಾಯ್ ನಗು ಅರ್ಧಕ್ಕೆ ನಿಂತಿತು. ಆಮೇಲೆ ನಿಧಾನವಾಗಿ ಏನೋ ಉದ್ದನೆಯದು ಹೇಳಿದರು. ಸೊಳ್ಳೆಯ ಕಾಟವಿರಬೇಕೆಂದು ಸೊಳ್ಳೆ ಬತ್ತಿ ಕಳಿಸಿಕೊಟ್ಟೆ. ಮಧ್ಯಾಹ್ನ ಬುತ್ತಿ ಉಂಡ ಮೇಲೆ "ಊಟ ರುಚಿಯಾಗಿತ್ತೇ?" ಎಂದು ಕಲಿತದ್ದನ್ನು ಕೇಳಿದೆ. ಬೇವಿನ ಮರದ ನೆರಳಿನಲ್ಲಿ ಐದು ನಿಮಿಷ ಕಣ್ಣು ಮುಚ್ಚುವುದು ಅವರ ರೂಢಿ. ನನ್ನ ಪ್ರಶ್ನೆ ಕೇಳಿ ಚಂಗನೆ ಎದ್ದು, ಬಟ್ಟೆ ಝಾಡಿಸಿಕೊಂಡು ಯಂತ್ರದ ಕಡೆ ನಡೆದುಬಿಟ್ಟರು. ಮತ್ತೆಂದೂ ಆ ನೆರಳಿಗೆ ಬರಲಿಲ್ಲ. ಎಂಥ ಕೆಲಸಗಾರ ಎಂದುಕೊಂಡೆ.

ಒಂದು ಭಾನುವಾರ ಅವರನ್ನು ಮನೆಗೆ ಊಟಕ್ಕೆ ಕರೆದೆ. ಶಾಂತಾ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಮೊದಲ ತುತ್ತಿಗೇ ಅವರು ಕಣ್ಣರಳಿಸಿ, "ಆರೋಯ್! ಆರೋಯ್!" ಎಂದರು. ನನ್ನ ಪಾಠದಲ್ಲಿ ಆ ಶಬ್ದಕ್ಕೆ ದುಬಾರಿ ಎಂದು ಅರ್ಥವಿತ್ತು. "ನೋಡ, ಬದನಿಕಾಯಿ ತುಟ್ಟಿ ಆಗೇತಿ ಅಂತ ಅವರಿಗೂ ಗೊತ್ತೈತಿ. ಎಷ್ಟ ಸೂಕ್ಷ್ಮ ಮನಷ್ಯಾ" ಎಂದು ಶಾಂತಾಳಿಗೆ ಹೇಳಿದೆ. ಅವಳು ನನ್ನನ್ನೂ ಅವರ ತಟ್ಟೆಯನ್ನೂ ನೋಡಿ, ಇನ್ನೊಂದು ಬದನೆಕಾಯಿ ಬಡಿಸಿದಳು. ಸಂಜೆ ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದೆವು. ನೀರು ತೆಳ್ಳಗಿತ್ತು. ತೂಗುಸೇತುವೆಯ ನಡುವೆ ನಿಂತು, ಬಂದವರು ಬೇಸರಪಡಬಾರದೆಂದು ನಾನು ಮತ್ತೊಮ್ಮೆ ನಿದ್ದೆಯ ಬಗ್ಗೆ ವಿಚಾರಿಸಿದೆ. ಅವರು ಮುಗುಳ್ನಕ್ಕು ನದಿಯ ಕಡೆ ತಿರುಗಿದರು.

ಮನೆಗೆ ಬಂದ ಮೇಲೆ ಶಾಂತಾ, "ಅವರು ನಗತಾರ ಖರೆ, ಕಣ್ಣಾಗ ನಗು ಇಲ್ರಿ. ನೀವು ಅವರಿಗೆ ಏನ ಅನ್ನಾಕತ್ತೀರಿ?" ಎಂದಳು.

"ನಿದ್ದಿ ಬಂತೇನು ಅಂತ ಕೇಳೇನಿ."

"ತೂಗು ಸೇತುವಿ ಮ್ಯಾಲ ನಿಂತಾಗ?"

ಕೆಲವು ದಿನಗಳಲ್ಲಿ ಮ್ಯಾನೇಜರ್ ಸಾಹೇಬರಿಗೂ ಅನುಮಾನ ಬಂತು. "ಕಬ್ಬೂರವರ, ಸೋಮಣ್ಣ ಯಾಕೋ ಸಪ್ಪಗದಾರಲ್ರಿ. ಊಟಾನೂ ಕಡಿಮಿ ಮಾಡ್ಯಾರಂತ. ನಿಮಗ ಅವರ ಭಾಷಾ ಬರ್ತೈತಿ, ಸ್ವಲ್ಪ ಮಾತಾಡ್ಸಿ ಹುರುಪು ತುಂಬ್ರಿ." ನಾನು ಹುರುಪು ತುಂಬಿದೆ. ಬೆಳಿಗ್ಗೆ ಒಂದು ಸಲ ಕೇಳುತ್ತಿದ್ದದ್ದನ್ನು ಸಂಜೆಯೂ ಕೇಳತೊಡಗಿದೆ. ಅವರು ಸಪ್ಪಗಾದಷ್ಟೂ ನಾನು ಮಾತಾಡಿಸುವುದು ಹೆಚ್ಚಾಯಿತು. ನಾನು ಮಾತಾಡಿಸಿದಷ್ಟೂ ಅವರು ಸಪ್ಪಗಾದರು. ಒಂದು ದಿನ ಅವರ ಯಂತ್ರ ದೊಡ್ಡ ಹೊಲವೊಂದನ್ನು ಗಡ್ಡ ಬೋಳಿಸಿದಷ್ಟು ನುಣ್ಣಗೆ ಕಡಿದು ಮುಗಿಸಿತು. ನಿಂತು ನೋಡುತ್ತಿದ್ದ ರೈತರು ಚಪ್ಪಾಳೆ ಹೊಡೆದರು. ಸಾಹೇಬರೂ ಇದ್ದರು. ಇದೇ ಸಮಯವೆಂದು ನಾನು ಮುಂದೆ ಹೋಗಿ, "ನಿಮ್ಮ ಕೆಲಸ ಬಹಳ ಚೆನ್ನಾಗಿದೆ" ಎಂಬುದನ್ನು ಎಲ್ಲರಿಗೂ ಕೇಳುವಂತೆ ಥಾಯಿಯಲ್ಲಿ ಘೋಷಿಸಿದೆ: "ಫೇಂಗ್ ಪೈ! ಲೋತ್ ನೋಯ್ ದಾಯ್ ಮೈ?" ರೈತರು ನನಗೂ ಚಪ್ಪಾಳೆ ಹೊಡೆದರು. ಸೋಮ್‌ಚಾಯ್ ತಲೆ ತಗ್ಗಿಸಿ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನು ಅರಿವೆಯಿಂದ ಬಹಳ ಹೊತ್ತು ಒರೆಸುತ್ತ ನಿಂತರು.

ಮರುದಿನ ಬೆಳಿಗ್ಗೆ ಗೆಸ್ಟ್ ಹೌಸಿಗೆ ಹೋದರೆ ಬಾಗಿಲ ಬಳಿ ಕಟ್ಟಿಟ್ಟ ಬ್ಯಾಗು. ಹಾಸಿಗೆ ಮಡಿಸಿ ಇಟ್ಟಿತ್ತು. ಯಂತ್ರದ ಕೀಲಿಕೈ ಮೇಜಿನ ಮೇಲಿತ್ತು, ಒಂದು ಬಿಳಿ ಕರವಸ್ತ್ರದ ಮೇಲೆ. ಹೊರಗೆ ಯಂತ್ರ ತೊಳೆದು, ಗ್ರೀಸು ಹಾಕಿ, ಹಬ್ಬದ ಎತ್ತಿನಂತೆ ನಿಲ್ಲಿಸಿದ್ದರು. ಹಂಗಾಮು ಅರ್ಧವೂ ಆಗಿಲ್ಲ, ಆ ಯಂತ್ರ ನಡೆಸಲು ನಮ್ಮವರಿಗೆ ಇನ್ನೂ ಪೂರ್ತಿ ಬಂದಿಲ್ಲ, ಎಷ್ಟೋ ಜನರ ಕಬ್ಬು ಹೊಲದಲ್ಲೇ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಅತಿಥಿ ನನಗೆ ಹೇಳದೆ ಹೊರಟಿದ್ದರು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ರೂಢಿಯಾಗಿದ್ದ ಮಾತೇ: "ಜಾ ಕ್ಲಾಪ್ ಬಾನ್ ಮುವಾ ರಾಯ್?"

ಅವರು ಬ್ಯಾಗಿನ ಕಡೆ ಕೈ ತೋರಿಸಿ, ತಗ್ಗಿದ ದನಿಯಲ್ಲಿ "ಟುಡೇ" ಎಂದರು.

ನಿದ್ದೆ ಬಂತೇ ಎಂದರೆ ಇವತ್ತು ಎನ್ನುತ್ತಾರಲ್ಲ ಎಂದು ನಾನು ಬೆಪ್ಪಾಗಿ ನಿಂತೆ. ಅವರು ಫೋನು ತೆಗೆದು ಮಗಳಿಗೆ ವಿಡಿಯೊ ಕಾಲ್ ಹಚ್ಚಿ ನನ್ನ ಕೈಗೆ ಕೊಟ್ಟರು. ನೋಯ್ ಎಂದು ಅವಳ ಹೆಸರು; ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾಳಂತೆ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕೋಪ ತೋರಿಸದೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅಪ್ಪನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ನೀವು ಬಹಳ ಮರ್ಯಾದಸ್ಥರಂತೆ. ದಿನಾಲೂ ಬೆಳಿಗ್ಗೆ ಬಂದು, ನಗುನಗುತ್ತ, ಯಾವಾಗ ಊರಿಗೆ ಹೋಗುತ್ತೀರಿ ಎಂದು ಕೇಳುತ್ತೀರಂತೆ. ಊಟವಾದ ಮೇಲೆ ಐದು ನಿಮಿಷ ಒರಗಿದರೆ, ನಿದ್ದೆ ಚೆನ್ನಾಗಿ ಬಂತೇ ಎಂದು ಹಂಗಿಸಿದಿರಂತೆ. ನಿನ್ನೆ ಎಲ್ಲ ಜನರ ಮುಂದೆ, ಬಹಳ ದುಬಾರಿ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದಿರಂತೆ. ಇಷ್ಟಾದ ಮೇಲೂ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ಅಪ್ಪ ಹೊರಟಿದ್ದಾರೆ.

ಅಲ್ಲೇ ಹೊಸ್ತಿಲ ಮೇಲೆ ಕೂತೆ. ಜೇಬಿನಿಂದ ಪ್ಲೇಯರು ತೆಗೆದು ಫೋನಿನ ಮುಂದೆ ಹಿಡಿದೆ. ನನ್ನ ಕನ್ನಡ ಬಂದಾಗ ಅರ್ಥವನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಥಾಯಿ ಬಂದಾಗ ಅವಳು ಅದರ ನಿಜವಾದ ಅರ್ಥ ಹೇಳಿದಳು. ಆರರವರೆಗೆ ಎರಡೂ ಕೂಡಿದವು. ಅಲ್ಲಿಂದ ಮುಂದೆ ನಾನು ನಿದ್ದೆ ಎಂದರೆ ಪ್ಲೇಯರಿನಾಕೆ ಊರು, ನಾನು ಊಟ ಎಂದರೆ ಆಕೆ ನಿದ್ದೆ, ನಾನು ದುಬಾರಿ ಎಂದರೆ ಆಕೆ ರುಚಿ, ನಾನು ಹೊಗಳಿಕೆ ಎಂದರೆ ಆಕೆ ದುಬಾರಿ. ಹುಕ್ಕೇರಿಯ ಗಾದಿಗಳ ನಡುವೆ ಅಳಿಸಿದ ಆ ಒಂದು ವಾಕ್ಯ ಕಣ್ಣ ಮುಂದೆ ಬಂತು. ನನ್ನ ಕನ್ನಡದಲ್ಲಿ ಒಂದು ಕಡಿಮೆಯಾಗಿ, ಮುಂದಿನ ಅರ್ಥಗಳೆಲ್ಲ ಒಂದೊಂದು ಮನೆ ಹಿಂದಕ್ಕೆ ಸರಿದು ಬೇರೆಯವರ ಮನೆಯಲ್ಲಿ ಹೋಗಿ ಕೂತಿದ್ದವು.

ನೋಯ್ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಫೋನಿನಿಂದಲೇ ಆಚೆ ಸರಿದಳು. ನಗು ಮಾತ್ರ ಕೇಳುತ್ತಿತ್ತು. ತಿರುಗಿ ಬಂದು ಅಪ್ಪನಿಗೆ ಎಲ್ಲ ತಿಳಿಸಿ ಹೇಳಿದಳು. ಸೋಮ್‌ಚಾಯ್ ನನ್ನ ಕೈಯಿಂದ ಪ್ಲೇಯರು ಇಸಿದುಕೊಂಡು, ಕಿವಿಗೆ ಹಚ್ಚಿಕೊಂಡು, ತಾವೇ ಕೇಳಿದರು. ನನ್ನ ಮುಖ ನೋಡಿದರು. ಇನ್ನೊಮ್ಮೆ ಕೇಳಿದರು. ಆಮೇಲೆ ಆ ಶಾಂತ ಮನುಷ್ಯ ಬ್ಯಾಗಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ನಕ್ಕೆ ಎಂದು ಹೇಳಿದರೆ ಅರ್ಧ ಸುಳ್ಳು. ನನ್ನ ಕಣ್ಣಲ್ಲೂ ನೀರಿತ್ತು, ಆದರೆ ಅದು ಬಂದದ್ದು ನಗುವಿನಿಂದಲ್ಲ. ಭಾಷೆ ಬಾರದ ಊರಿನಲ್ಲಿ, ಒಬ್ಬನೇ ಒಬ್ಬ ಮಾತಾಡಿಸುವವನು ಬಂದು ಪ್ರತಿದಿನ ಹೋಗು ಎನ್ನುತ್ತಿದ್ದರೂ ಆ ಮನುಷ್ಯ ಎಲ್ಲರಿಗಿಂತ ಮುಂಚೆ ಎದ್ದು ಕೆಲಸಕ್ಕೆ ಹೋಗಿದ್ದರಲ್ಲ. ಅವರ ಬ್ಯಾಗು ಎತ್ತಿಕೊಂಡು ಒಳಗಿಟ್ಟೆ. ಅವರು ಕರವಸ್ತ್ರದ ಮೇಲಿನ ಕೀಲಿಕೈ ತೆಗೆದುಕೊಂಡು ಹೊರಗೆ ನಡೆದರು. ಅಂದು ಮಧ್ಯಾಹ್ನ ಊಟವಾದ ಮೇಲೆ ನಾನೇ ಅವರ ಕೈ ಹಿಡಿದು ಬೇವಿನ ನೆರಳಿಗೆ ಕರೆದೊಯ್ದು, ಟವೆಲು ಹಾಸಿ, ಮಲಗಿರಿ ಎಂದು ಸನ್ನೆ ಮಾಡಿದೆ. ಬಾಯಿ ತೆರೆಯಲಿಲ್ಲ.

ಸಂಜೆ ಶಾಂತಾಳಿಗೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಅಂದ್ರ ಅವತ್ತ ಅವರು ಎಣ್ಣಿಗಾಯಿ ರುಚಿ ಆಗೇತಿ ಅಂದಿದ್ರು?" ಎಂದಳು. ಇಡೀ ಪ್ರಕರಣದಲ್ಲಿ ಅವಳಿಗೆ ಅತ್ಯಂತ ಅನ್ಯಾಯವೆನಿಸಿದ್ದು ಅದೇ. ದಸ್ತಗೀರನಂತೂ, "ನಾ ಹೇಳಿದ್ನಲ್ರಿ ಸರ, ಒಂದು ಉಳೀತಂತ" ಎಂದು ಗಿರಾಕಿಗಳ ಎದುರಿಗೇ ಹೇಳಿದ. ಮುಂದಿನ ಭಾನುವಾರ ಸೋಮ್‌ಚಾಯ್ ನಮ್ಮ ಮನೆಗೆ ಬಂದು ಪಾಠವನ್ನೆಲ್ಲ ಹೊಸದಾಗಿ ಮುದ್ರಿಸಿದರು. ನಾನು ಕನ್ನಡದಲ್ಲಿ ಹೇಳುವುದು, ನೋಯ್ ಫೋನಿನಲ್ಲಿ ಅರ್ಥ ತಿಳಿಸುವುದು, ಅವರು ಥಾಯಿಯಲ್ಲಿ ಹೇಳುವುದು. ಹಿಂದೆ ಟ್ರ್ಯಾಕ್ಟರಿನ ಹಾಡು, ಕುಕ್ಕರಿನ ಸೀಟಿ, ಶಾಂತಾಳ "ಚಾ ಕುಡೀರಿ" ಎಲ್ಲವೂ ಅದರಲ್ಲಿವೆ. ಯಾವುದನ್ನೂ ಅಳಿಸುವ ಧೈರ್ಯ ನನಗಾಗಲಿಲ್ಲ.

ಹಂಗಾಮು ಮುಗಿದ ಮೇಲೆ ಅವರನ್ನು ಘಟಪ್ರಭಾ ಸ್ಟೇಶನ್ನಿಗೆ ಕಳಿಸಲು ನಾವಿಬ್ಬರೂ ಹೋದೆವು. ಕರದಂಟಿನ ಡಬ್ಬಿಗಳು, ಶೇಂಗಾ ಚಟ್ನಿ ಎಲ್ಲ ಸೇರಿ ಬ್ಯಾಗು ಹೊಲಿಗೆ ಬಿಡುವಂತಾಗಿತ್ತು. ಶಾಂತಾ ನೀರಿನ ಬಾಟಲಿ ತರಲು ಆಚೆ ಹೋದಳು. ರೈಲು ಬಂತು, ಅವರು ಹತ್ತಿ ಕಿಟಕಿಗೆ ಕೂತರು. ನಾನು ಕಿಟಕಿಯ ಸರಳು ಹಿಡಿದು, ನೋಯ್ ಬಳಿ ಎಷ್ಟೋ ಸಲ ತಿದ್ದಿಸಿಕೊಂಡಿದ್ದ ಶುದ್ಧ ಥಾಯಿಯಲ್ಲಿ, ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದೆ. ಅವರಿಗೆ ತಿಳಿಯಿತು. ತಲೆಯನ್ನು ಒಂದು ಬದಿಗೆ ವಾಲಿಸಿ, ಗಂಭೀರವಾಗಿ ಯೋಚಿಸಿ, ಅಪ್ಪಟ ಗೋಕಾಕದ ಕನ್ನಡದಲ್ಲಿ ಹೇ‍ಳಿದರು:

"ನೋಡೂನ್ರಿ."

ಬೇರಿಂಗು ಬೇಕೆಂದು ಸ್ಟೋರಿಗೆ ಬಂದವರಿಗೆ, ಕೊಡುವ ಮನಸ್ಸಿಲ್ಲದಾಗ ನಾನು ಹೇಳುವ ಮಾತು ಅದು. ಹೀಗೆ ತಲೆ ವಾಲಿಸಿಯೇ ಹೇಳುತ್ತೇನೆ. ಹಂಗಾಮು ಪೂರ್ತಿ ನನ್ನ ಕೌಂಟರಿನ ಮುಂದೆ ನಿಂತು ಅವರು ಕಲಿತ ಕನ್ನಡ ಅದೊಂದೇ ಇರಬೇಕು, ಆದರೆ ಕಲಿತದ್ದನ್ನು ಪಕ್ಕಾ ಕಲಿತಿದ್ದರು. ರೈಲು ಸರಿಯಿತು. ಅವರು ಕಿಟಕಿಯಿಂದ ಕೈ ಬೀಸುತ್ತಲೇ ಇದ್ದರು.

ಬಾಟಲಿ ಹಿಡಿದು ಓಡಿ ಬಂದ ಶಾಂತಾ ತೇಕುತ್ತ ಕೇಳಿದಳು: "ಮತ್ತ ಯಾವಾಗ ಬರ್ತೀರಂತ ಕೇಳಿದ್ರೇನ್ರಿ? ಏನಂದ್ರು?"

"ಖಂಡಿತ ಬರ್ತಾರಂತ" ಎಂದು ಅರ್ಥ ಹೇಳಿದೆ.